ಹಾರ್ಮೋನಿಯಂ ಮೇಷ್ಟ್ರೂ ಶಾಲೆಯ ಮಕ್ಕಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು, ಶಾಲೆಗಳ ಲೆಕ್ಕದಲ್ಲಿ ಮಾತ್ರ ಮಧುಗಿರಿಯನ್ನು ಕೇಂದ್ರವಾಗಿ ಉಳ್ಳ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಮಳೆಗೆ ಬಡವಾದ ಸೀಮೆ ಇದು. ಆದರೆ ಹಾಡಿಗೂ ನಾಟಕಕ್ಕೂ ಇಲ್ಲಿ ಎಂದೂ ಬರ ಬಂದುದಿಲ್ಲ. ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ 'ಕುರುಕ್ಷೇತ್ರ', 'ದಾನಶೂರ ಕರ್ಣ', 'ಶನಿಪ್ರಭಾವ' ಮುಂತಾದ ಪೌರಾಣಿಕ ನಾಟಕಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಪಾತ್ರಧಾರಿಗಳ ಪುಟ್ಟ ಪುಟ್ಟ ಚಿತ್ರಗಳು, ಅವುಗಳ ಕೆಳಗೆ ಹೆಸರು, ಎಲ್ಲಕ್ಕಿಂತ ಮೇಲೆ ಹಾರ್ಮೋನಿಯಂ ಮೇಷ್ಟ್ರ ಹೆಸರು.

ಈ ಚಿತ್ರಗಳನ್ನು ನಾನು ನಿಂತು ನೋಡುವುದುಂಟು. ಮೀಸೆ ಹೊತ್ತವರು, ತಲೆ ನರೆತವರು, ಗ್ರಾಮ ಪಂಚಾಯಿತಿಯ ಸದಸ್ಯರು, ಅಂಗಡಿಯವರು, ನಿವೃತ್ತ ಶಿಕ್ಷಕರು, ರೈತರು. ಮೂವತ್ತಕ್ಕಿಂತ ಕೆಳಗಿನವರು ಅಪರೂಪ. ಹದಿನೈದರ ಹುಡುಗನಂತೂ ಇಲ್ಲವೇ ಇಲ್ಲ. ನಾಟಕದ ರಾತ್ರಿ ಮಕ್ಕಳ ಜಾಗ ಒಂದೇ: ರಂಗದ ಮುಂದಿನ ಚಾಪೆ. ಅಲ್ಲಿ ಅವರು ಕೃಷ್ಣನ ಪ್ರವೇಶದವರೆಗೆ ಕಣ್ಣರಳಿಸಿ ಕೂತಿದ್ದು, ಸಂಧಾನದ ಹೊತ್ತಿಗೆ ನಿದ್ದೆಹೋಗುತ್ತಾರೆ. ಮಕ್ಕಳಿಗೆ ಸಂಗೀತ ನಾಟಕವನ್ನು ಕಲಿಸಬಲ್ಲ ಗುರು ಊರಿನಲ್ಲೇ ಇದ್ದಾನೆ. ಕಲಿಯಬೇಕಾದ ಮಗು ಅದೇ ಊರಿನ ಶಾಲೆಯಲ್ಲಿದೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಇದು ನಮ್ಮ ಕಾಲದ ಒಂದು ದೊಡ್ಡ ಲೋಪವೆಂದು ನನ್ನ ಭಾವನೆ.

ನಗರವಾಸಿಗಳಾದ ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ಬೆಂಗಳೂರಿನಲ್ಲಿ ಇಂದು 'ಮ್ಯೂಸಿಕಲ್ ಥಿಯೇಟರ್' ಎಂಬ ಹೆಸರಿನ ತರಗತಿಗಳಿಗೆ ತಂದೆತಾಯಿಗಳು ಶುಲ್ಕ ತೆತ್ತು, ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದೊಯ್ದು ಬಿಡುತ್ತಾರೆ. ಹಾಡು, ಮಾತು, ಹೆಜ್ಜೆ ಮೂರನ್ನೂ ಒಟ್ಟಿಗೆ ಕಲಿಸುವುದು ಹೊಸ ವಿಚಾರವೆಂಬಂತೆ ಅಲ್ಲಿ ಹೇಳಲಾಗುತ್ತದೆ. ಪಾವಗಡದ ಹಳ್ಳಿಯ ಗುಡಿಯ ಅಂಗಳದಲ್ಲಿ ರಾತ್ರಿ ಒಂಬತ್ತಕ್ಕೆ ಹಾರ್ಮೋನಿಯಂ ಬಿಚ್ಚಿ ಕೂರುವ ಮೇಷ್ಟ್ರು ಬೇರೇನು ಕಲಿಸುತ್ತಾನೆ? ಅದನ್ನೇ. ಹೆಸರು ಮಾತ್ರ ಬೇರೆ.

ಆತನ ಕಲಿಕೆಯ ಕ್ರಮವನ್ನು ಸ್ವಲ್ಪ ಗಮನಿಸಿ ನೋಡಬೇಕು. ಎರಡು ಮೂರು ತಿಂಗಳ ಅಭ್ಯಾಸ. ಮೊದಲು ಪದ್ಯವನ್ನು ಹಾಡಿಸುವುದಿಲ್ಲ, ಓದಿಸುತ್ತಾನೆ. ಪದ ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಮಾತಿಗೆ ಒತ್ತು ಬೀಳಬೇಕು ಎಂಬುದು ನಾಲಗೆಗೆ ಹತ್ತಿದ ಮೇಲೆ ಶ್ರುತಿ ಹಿಡಿಸುತ್ತಾನೆ. ಆಮೇಲೆ ಮಟ್ಟು, ಆಮೇಲೆ ತಾಳ. ಹಾಡು ಕೂಡಿದ ಮೇಲೆ ಎದುರು ಪಾತ್ರದವನನ್ನು ತಂದು ನಿಲ್ಲಿಸುತ್ತಾನೆ. 'ನೀನು ಯಾರಿಗೆ ಹಾಡುತ್ತಿದ್ದೀಯ? ನನಗೋ, ದುರ್ಯೋಧನನಿಗೋ?' ಎಂದು ಕೇಳಿದ ಮೇಷ್ಟ್ರೊಬ್ಬರನ್ನು ನಾನು ಬಲ್ಲೆ. ಸಂಗೀತ ಕಚೇರಿಗೂ ಸಂಗೀತ ನಾಟಕಕ್ಕೂ ಇರುವ ವ್ಯತ್ಯಾಸವನ್ನು ಅಷ್ಟು ಕಡಮೆ ಮಾತಿನಲ್ಲಿ ಹೇಳಿದ ವಿಮರ್ಶಕರು ವಿರಳ. ನಾಟಕದ ಪದ್ಯ ಎದುರಿಗೆ ನಿಂತವನ ಮನಸ್ಸನ್ನು ತಿರುಗಿಸುವುದಕ್ಕಾಗಿ ಹುಟ್ಟಿದ್ದು. ಸಂಧಾನಕ್ಕೆ ಬಂದ ಕೃಷ್ಣನ ರಾಗ ಎಷ್ಟೇ ಸೊಗಸಾಗಿರಲಿ, ಅದು ಕೌರವನ ಕಿವಿಗೆ ಬೀಳದಿದ್ದರೆ ರಂಗದ ಮೇಲೆ ಅದಕ್ಕೆ ಬೆಲೆಯಿಲ್ಲ.

ಉಸಿರು, ಶ್ರುತಿ, ಅರ್ಥ, ಎದುರಿಗಿರುವವನ ಕಡೆ ಲಕ್ಷ್ಯ: ಈ ನಾಲ್ಕೂ ಬೆಳೆಯುವ ಮಗುವಿಗೆ ಬೇಕಾದವು. ಈಗ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ನೋಡೋಣ. ಧ್ವನಿವರ್ಧಕದಲ್ಲಿ ಸಿನಿಮಾ ಗೀತೆಯ ಮುದ್ರಿಕೆ ಕಿವಿ ಕಿತ್ತುಹೋಗುವಂತೆ ಮೊಳಗುತ್ತದೆ. ಮಕ್ಕಳು ಸಾಲಾಗಿ ನಿಂತು ಕೈಕಾಲು ಆಡಿಸುತ್ತಾರೆ, ಹಾಡಿಗೆ ತಕ್ಕಂತೆ ತುಟಿ ಅಲ್ಲಾಡಿಸುತ್ತಾರೆ. ತಂದೆತಾಯಿಗಳು ಮೊಬೈಲು ಎತ್ತಿ ಹಿಡಿಯುತ್ತಾರೆ. ಮಕ್ಕಳ ಉತ್ಸಾಹದ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಆ ಸಂಜೆಯ ಎರಡು ಮೂರು ಗಂಟೆಗಳಲ್ಲಿ ಒಂದು ಮಗುವಿನ ಸ್ವಂತ ಧ್ವನಿ ನಮಗೆ ಕೇಳಿಸುವುದು ಸ್ವಾಗತ ಭಾಷಣದಲ್ಲಿ ಮಾತ್ರ. ಹಾಡಿದವರು ಬೇರೆ ಎಲ್ಲೋ ಇದ್ದಾರೆ. ನಮ್ಮ ಮಗು ಅವರ ನೆರಳು. ವರ್ಷವಿಡೀ ಪಾಠ ಒಪ್ಪಿಸಿದ ಮಗುವಿಗೆ ವರ್ಷಕ್ಕೊಂದು ದಿನ ರಂಗ ದೊರೆತಾಗಲೂ ಪರರ ಕಂಠವನ್ನೇ ಒಪ್ಪಿಸಬೇಕಾಗುವುದು ಶೋಚನೀಯ.

ವಿದ್ಯಾ ಇಲಾಖೆಯವರು ನಡೆಸುವ 'ಪ್ರತಿಭಾ ಕಾರಂಜಿ'ಯಲ್ಲಿ ಅಭಿನಯ ಗೀತೆಯಂಥ ಸ್ಪರ್ಧೆಗಳಿವೆ. ಅಲ್ಲಿ ಮಗು ತಾನೇ ಹಾಡಿ ತಾನೇ ಅಭಿನಯಿಸಬೇಕು. ಇದು ಮೆಚ್ಚತಕ್ಕ ಏರ್ಪಾಡು. ಆದರೆ ಅದು ಕೆಲವೇ ನಿಮಿಷಗಳ ಮಾತು; ಮೇಲಾಗಿ ಪಂದ್ಯ. ಒಬ್ಬ ಗೆದ್ದು ತಾಲ್ಲೂಕಿಗೆ ಹೋಗುತ್ತಾನೆ, ಉಳಿದವರು ಮನೆಗೆ ಹೋಗುತ್ತಾರೆ. ನಾಟಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರಲ್ಲಿ ದೂತನು ಸರಿಯಾದ ಹೊತ್ತಿಗೆ ಬಾರದಿದ್ದರೆ ಚಕ್ರವರ್ತಿಯೂ ಬಾಯಿ ಬಿಟ್ಟುಕೊಂಡು ನಿಲ್ಲಬೇಕು.

ಮಕ್ಕಳಿಗೆ ಹಾಡಿನ ಮೂಲಕ ಕಥೆ ಹೇಳಿಸುವ ಪದ್ಧತಿ ನಮ್ಮಲ್ಲಿ ಇಂದಿನದಲ್ಲ. ವಾಲ್ಮೀಕಿಯು ಕುಶಲವರಿಗೆ ರಾಮಾಯಣವನ್ನು ಹಾಡಲು ಕಲಿಸಿದ. ಅವರು ತಂದೆಯ ಸಭೆಯಲ್ಲೇ ನಿಂತು, ಅವನು ತಂದೆಯೆಂದರಿಯದೆ, ಅವನ ಕಥೆಯನ್ನೇ ಅವನಿಗೆ ಹಾಡಿದರು. ಸಂಸ್ಕೃತದಲ್ಲಿ ನಟನಿಗೂ ಗಾಯಕನಿಗೂ 'ಕುಶೀಲವ' ಎಂಬ ಹೆಸರಿರುವುದು ಬಲ್ಲವರಿಗೆ ತಿಳಿದೇ ಇದೆ. ಪ್ರಹ್ಲಾದ, ಧ್ರುವ, ಲೋಹಿತಾಶ್ವ, ಮಾರ್ಕಂಡೇಯ: ನಮ್ಮ ಪೌರಾಣಿಕ ನಾಟಕಗಳಲ್ಲಿ ಹಿರಿಯರ ಕಣ್ಣಲ್ಲಿ ನೀರು ತರಿಸುವ ಪದ್ಯಗಳು ಮಕ್ಕಳ ಪಾಲಿನವು.

ಈ ಪಾತ್ರಗಳಿಗಾಗಿಯೇ ವೃತ್ತಿ ಕಂಪನಿಗಳು ಮಕ್ಕಳನ್ನು ಸಾಕುತ್ತಿದ್ದವು. ಈ ನಾಲ್ಕು ತಾಲ್ಲೂಕುಗಳಿಗೆ ನೆರೆಯದೇ ಆದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಮರೆತು ಈ ವಿಷಯವನ್ನು ಮಾತನಾಡುವಂತಿಲ್ಲ. ಬಾಲಕನಾಗಿ ಆ ಕಂಪನಿಯನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆಯರಾದರು. 1934ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿದರು. ಇಂದು ಹಳ್ಳಿಹಳ್ಳಿಗಳಲ್ಲಿ 'ಕುರುಕ್ಷೇತ್ರ'ಕ್ಕೆ ಇರುವ ಗೌರವದ ಹಿಂದೆ ಆ ವೈಭವದ ನೆನಪಿದೆ. ತಂದೆಯೊಡನೆ ಕಂಪನಿಗೆ ಬಂದ ಗಾಜನೂರಿನ ಹುಡುಗ ಮುಂದೆ ರಾಜಕುಮಾರ್ ಆದರು. ಅವರ ಕನ್ನಡದ ಉಚ್ಚಾರಣೆ ಅಷ್ಟು ಸ್ಪಷ್ಟವಾಗಿದ್ದುದಕ್ಕೂ, 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಹಾಡಿದಾಗ ನಟನೇ ಗಾಯಕನೂ ಆದುದು ಜನಕ್ಕೆ ಸಹಜವೆನಿಸಿದುದಕ್ಕೂ ಕಾರಣವನ್ನು ಸಿನಿಮಾದಲ್ಲಿ ಹುಡುಕಬೇಕಾಗಿಲ್ಲ. ಅದು ಕಂಪನಿಯ ಹಾರ್ಮೋನಿಯಂ ಪಕ್ಕದಲ್ಲಿ ಕಲಿತದ್ದು.

ಆದರೆ ಹಳೆಯದನ್ನು ಹೊಗಳುವ ಭರದಲ್ಲಿ ಅದರ ಬೆಲೆಯನ್ನು ಮುಚ್ಚಿಡಬಾರದು. ಕಂಪನಿಯ ಮಕ್ಕಳಿಗೆ ಶಾಲೆ ತಪ್ಪಿತು. ರಾಜಕುಮಾರ್ ಅವರ ಶಾಲಾ ವಿದ್ಯೆ ಕೆಳಗಿನ ತರಗತಿಗಳಲ್ಲೇ ನಿಂತಿತು. ಅವರಂತೆ ಮೇಲೆ ಬಂದವರು ಬೆರಳೆಣಿಕೆಯವರು. ಬಾರದವರ ಲೆಕ್ಕ ಇಟ್ಟವರಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಏರು ಶ್ರುತಿಯಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಹಾಡಬೇಕಾಗಿದ್ದ ಬಾಲಕನಿಗೆ ಹದಿಮೂರು ಹದಿನಾಲ್ಕರಲ್ಲಿ ಗಂಟಲು ಒಡೆದರೆ ಕೈಯಲ್ಲಿದ್ದ ಪಾತ್ರವೂ ಹೋಗುತ್ತಿತ್ತು. ಮಗುವಿಗಾಗಿ ನಾಟಕವಿರಲಿಲ್ಲ, ನಾಟಕಕ್ಕಾಗಿ ಮಗುವಿತ್ತು. ಆ ವ್ಯವಸ್ಥೆ ಮತ್ತೆ ಬರಲೆಂದು ಯಾರೂ ಬಯಸಲಾರರು.

ಆ ವಿದ್ಯೆಯನ್ನು ಆ ಬೆಲೆಯಿಂದ ಬಿಡಿಸಿ ತಂದವರು ಬಿ.ವಿ. ಕಾರಂತರು. ಅವರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರೇ. ಅವರನ್ನು ಓದಿಗೆಂದು ಕಾಶಿಗೆ ಕಳಿಸಿದವರು ವೀರಣ್ಣನವರೇ. ಮುಂದೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದ ಕಾರಂತರು, ಠಾಕೂರರ ಗಿಣಿಯ ಕಥೆಯನ್ನು 'ಪಂಜರ ಶಾಲೆ'ಯಾಗಿ ಕನ್ನಡಕ್ಕೆ ತಂದರು. ಪುಸ್ತಕದ ಹಾಳೆಗಳನ್ನು ತುರುಕಿ ತುರುಕಿ ಗಿಣಿಯನ್ನು ಕೊಲ್ಲುವ ಕಥೆಯನ್ನು ಶಾಲೆಯ ಮಕ್ಕಳೇ ಹಾಡಿ ಆಡುವುದು ಎಂಥ ಒಳ್ಳೆಯ ವಿನೋದ! ಕಾರಂತರ ರಂಗಸಂಗೀತದ ಗುಟ್ಟೆಂದರೆ, ಅದು ಒಳ್ಳೆಯ ಕಂಠವನ್ನೇ ಕೇಳುವುದಿಲ್ಲ. ಗುಂಪಿನ ಹಾಡು, ಮಾತಿಗೆ ಹತ್ತಿರವಾದ ಮಟ್ಟು, ಕೈಗೆ ಸಿಕ್ಕ ವಸ್ತುವಿನಿಂದ ಹೊರಡುವ ನಾದ. ಇವುಗಳಲ್ಲಿ ಬೇಸುರದ ಮಗುವಿಗೂ ಜಾಗವಿದೆ. ಕಂಪನಿ ಒಬ್ಬ ಪ್ರಹ್ಲಾದನನ್ನು ಹುಡುಕುತ್ತಿತ್ತು. ಕಾರಂತರು ಇಡೀ ತರಗತಿಯನ್ನು ರಂಗಕ್ಕೆ ಹತ್ತಿಸಿದರು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ 'ಬೆನಕ' ಮಕ್ಕಳ ಕೇಂದ್ರದ ಮೂಲಕ ಈ ಕೆಲಸವನ್ನು ಮುಂದುವರಿಸಿದರು. ಮೈಸೂರಿನಲ್ಲಿ 1989ರಲ್ಲಿ ಆರಂಭವಾದ ರಂಗಾಯಣದ ಬೇಸಗೆಯ 'ಚಿಣ್ಣರ ಮೇಳ'ವೂ ಇದೇ ದಾರಿಯದು. ಇವೆಲ್ಲ ನಗರಗಳ ಮಾತಾಯಿತು. ಕೊರಟಗೆರೆಯ ಮಗು ಬೇಸಗೆ ರಜೆಯಲ್ಲಿ ಮೈಸೂರಿಗೆ ಹೋಗಲಾರದು.

ಇದರಿಂದ ಮಕ್ಕಳಿಗೆ ಪ್ರಯೋಜನವೇನು ಎಂದು ಕೇಳುವವರುಂಟು. ಕೇಳುವುದು ನ್ಯಾಯವೂ ಹೌದು. 'ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಹೆಚ್ಚುತ್ತದೆ' ಎಂಬ ಜಾಹೀರಾತಿನ ಮಾತನ್ನು ನಾನು ಆಡಲಾರೆ. ಕೆನಡಾದ ಟೊರಾಂಟೋದಲ್ಲಿ ಷೆಲೆನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಆರು ವರ್ಷದ 144 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಕೀಬೋರ್ಡು, ಒಂದಕ್ಕೆ ಹಾಡುಗಾರಿಕೆ, ಒಂದಕ್ಕೆ ನಾಟಕ ಕಲಿಸಿ, ಇನ್ನೊಂದಕ್ಕೆ ಏನನ್ನೂ ಕಲಿಸದೆ ಬಿಟ್ಟು, 2004ರಲ್ಲಿ ಫಲವನ್ನು ಪ್ರಕಟಿಸಿದರು. ಸಂಗೀತ ಕಲಿತವರ ಬುದ್ಧಿಮಾಪನದ ಅಂಕ ಉಳಿದವರಿಗಿಂತ ಸುಮಾರು 3ರಷ್ಟು ಮಾತ್ರ ಹೆಚ್ಚಿಗೆ ಏರಿತು. ನಾಟಕ ಕಲಿತವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಆದರೆ ಇತರರೊಡನೆ ಬೆರೆತು ನಡೆಯುವ ಗುಣದಲ್ಲಿ ಮುಂದೆ ಬಂದವರು ಅವರೇ. 2020ರಲ್ಲಿ ಸಾಲಾ ಮತ್ತು ಗೋಬೆ ಎಂಬ ವಿದ್ವಾಂಸರು 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಸಂಗೀತದಿಂದ ಬುದ್ಧಿ ಬೆಳೆಯುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದರು. ಇತ್ತ ಗೋಲ್ಡ್‌ಸ್ಟೈನ್ ಮತ್ತು ವಿನ್ನರ್ ಎಂಬ ಇಬ್ಬರು ವಿದುಷಿಯರು 2012ರಲ್ಲಿ, ಒಂದು ವರ್ಷ ಅಭಿನಯ ಕಲಿತ ಮಕ್ಕಳಲ್ಲೂ ಹದಿಹರೆಯದವರಲ್ಲೂ ಪರರ ಸುಖದುಃಖಕ್ಕೆ ಮಿಡಿಯುವ ಗುಣ ಹೆಚ್ಚಿದುದನ್ನು ತೋರಿಸಿಕೊಟ್ಟರು. ಆದುದರಿಂದ ಅಂಕಪಟ್ಟಿಯ ಆಸೆಗೆ ಮಕ್ಕಳನ್ನು ನಾಟಕಕ್ಕೆ ಕಳಿಸುವುದು ಬೇಡ. ತನ್ನ ಕಂಠದಲ್ಲಿ ಮಾತನಾಡುವುದು, ಇನ್ನೊಬ್ಬರ ಸರದಿಗೆ ಕಾಯುವುದು, ಇನ್ನೊಬ್ಬರ ನೋವನ್ನು ತನ್ನದೆಂಬಂತೆ ಹಾಡುವುದು. ಈ ಮೂರು ಸಾಲವೆ?

ನಮ್ಮ ಈ ಸೀಮೆಗೆ ಇದಕ್ಕಿಂತ ಹತ್ತಿರದ ಪ್ರಯೋಜನವೂ ಉಂಟು. ಪಾವಗಡ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಅಲ್ಲಿನ ಎಷ್ಟೋ ಮಕ್ಕಳ ಸ್ಥಿತಿ. ಪಠ್ಯಪುಸ್ತಕದ ಕನ್ನಡವನ್ನು ತಡವರಿಸಿ ಓದುವ ಮಗು ಅದೇ ಮಾತನ್ನು ತಾಳಕ್ಕೆ ಕೂರಿಸಿ ಹಾಡಿದಾಗ ತಡವರಿಸದು. ಏಕೆಂದರೆ ತಾಳ ಕಾಯುವುದಿಲ್ಲ, ನಾಲಗೆ ಹಿಂದೆ ಬೀಳುವಂತಿಲ್ಲ. ಆ ಮಕ್ಕಳ ತೆಲುಗನ್ನು ಬಿಡಿಸಬೇಕೆಂದು ನನ್ನ ಮಾತಿನ ಅರ್ಥವಲ್ಲ. ರಂಗಪದ್ಯದ ರುಚಿ ತೆಲುಗರಿಗೆ ಹುಟ್ಟಿನಿಂದ ಬಂದದ್ದು. ಕಡಪ ಸೀಮೆಯಲ್ಲಿ 1885ರಲ್ಲಿ ಹುಟ್ಟಿದ ಸುರಭಿ ನಾಟಕ ಮಂಡಳಿಯಲ್ಲಿ ಇಡೀ ಕುಟುಂಬ, ಮಕ್ಕಳು ಮರಿಗಳಾದಿಯಾಗಿ, ರಂಗದ ಮೇಲೆಯೇ ಬೆಳೆಯಿತು. ಆ ರುಚಿಯ ಮಗುವಿಗೆ ಕನ್ನಡದ ಪದ್ಯ ಕೊಟ್ಟರೆ ಎರಡು ಭಾಷೆಗಳೂ ಉಳಿಯುತ್ತವೆ.

ಇನ್ನೆರಡು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಹಳ್ಳಿಯ ನಾಟಕದಲ್ಲಿ ಪಾತ್ರ ದೊರೆಯುವುದು ಹಣಕ್ಕೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು ಕಟ್ಟಬೇಕು, ಸಣ್ಣ ಪಾತ್ರಕ್ಕೆ ಕಡಮೆ. ಸೀನರಿ, ಉಡುಪು, ಮೇಷ್ಟ್ರ ಸಂಭಾವನೆ ಎಲ್ಲಕ್ಕೂ ಆ ಹಣವೇ ಆಧಾರವಾದ್ದರಿಂದ ಅವರನ್ನು ದೂರಿ ಫಲವಿಲ್ಲ. ಆದರೆ ಕಂಠವಿದ್ದೂ ಕಾಸಿಲ್ಲದವನು ಜೀವಮಾನವೆಲ್ಲ ಚಾಪೆಯ ಮೇಲೆಯೇ ಕೂರುತ್ತಾನೆ. ಎರಡನೆಯದು ಹೆಣ್ಣುಮಕ್ಕಳ ಮಾತು. ದ್ರೌಪದಿಗೂ ಕುಂತಿಗೂ ಬಾಡಿಗೆಗೆ ನಟಿಯರನ್ನು ಹೊರಗಿನಿಂದ ಕರೆಸುತ್ತಾರೆ. ಊರಿನ ಹುಡುಗಿ ಬಣ್ಣ ಹಚ್ಚುವುದನ್ನು ಊರು ಇನ್ನೂ ಒಪ್ಪಿಲ್ಲ. ಸೋಬಾನೆಯನ್ನು ಅಜ್ಜಿಯಿಂದ ಕಲಿತ ಹುಡುಗಿಗೆ ಅದನ್ನು ನಾಲ್ಕು ಜನರೆದುರು ನಿಂತು ಹಾಡುವ ಹಕ್ಕಿಲ್ಲ. ಈ ಎರಡು ಬಾಗಿಲುಗಳನ್ನೂ ತೆರೆಯಬಲ್ಲ ಜಾಗ ಊರಿನಲ್ಲಿ ಒಂದೇ ಇದೆ. ಅದು ಸರ್ಕಾರಿ ಶಾಲೆ. ಅಲ್ಲಿ ಪಾತ್ರಕ್ಕೆ ದರವಿಲ್ಲ. ಹುಡುಗಿ ರಂಗದ ಮೇಲೆ ನಿಂತರೆ ಅದು ಪಾಠದ ಭಾಗ.

ಹಾಗೆಂದು ಮೇಷ್ಟ್ರನ್ನು ಇದ್ದಂತೆಯೇ ಶಾಲೆಯೊಳಕ್ಕೆ ಬಿಟ್ಟರೆ ಸಾಲದು. ಮಕ್ಕಳಿಗೆ ಅಂಟಿಸಿದ ಮೀಸೆ ಕೊಟ್ಟು, ದೊಡ್ಡವರ ಗದೆ ಹೊರಿಸಿ, ಗಂಟಲು ಹರಿಯುವಂತೆ ಅಬ್ಬರಿಸಲು ಕಲಿಸಿದರೆ ನಮಗೆ ದೊರೆಯುವುದು ಪುಟ್ಟ ದುರ್ಯೋಧನರ ಹಿಂಡು. ಶ್ರುತಿಯನ್ನು ಮಗುವಿನ ಕಂಠ ನೋಡಿ ಇಡಬೇಕು, ಮಗುವನ್ನು ಪೆಟ್ಟಿಗೆಯ ಶ್ರುತಿಗೆ ಎಳೆಯಬಾರದು. ಗಂಟಲು ಒಡೆಯುತ್ತಿರುವ ಹುಡುಗನನ್ನು ಹೊರಗೆ ಹಾಕದೆ, ಮೇಲಿನ ಸ್ವರಗಳಿಗೆ ಒತ್ತಾಯಿಸದೆ, ಕೆಲವೇ ಸ್ವರಗಳಲ್ಲಿ ಅವನ ಪಾತ್ರವನ್ನು ಕೂರಿಸಬೇಕು. ಇಡೀ ರಾತ್ರಿಯ ನಾಟಕ ಬೇಡ. ಒಂದು ಗಂಟೆಯದು ಸಾಕು. ಕೃತಿಗಳಿಗೆ ಕೊರತೆಯಿಲ್ಲ. ಕುವೆಂಪು ಅವರ 'ಮೋಡಣ್ಣನ ತಮ್ಮ'ದಿಂದ ವೈದೇಹಿಯವರ 'ಧಾಂ ಧೂಂ ಸುಂಟರಗಾಳಿ'ಯವರೆಗೆ ಕನ್ನಡದಲ್ಲಿ ಮಕ್ಕಳ ನಾಟಕಗಳು ಕಾದಿವೆ. ಮಟ್ಟುಗಳಿಗೂ ದೂರ ಹೋಗಬೇಕಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಗಣೆ ನುಡಿಸುತ್ತ ಜುಂಜಪ್ಪನ ಕಥೆ ಹಾಡುತ್ತಾರೆ. ದನ ಕಾಯುವ ಹುಡುಗನೊಬ್ಬ ದೈವವಾದ ಆ ಕಥೆಯನ್ನು ಹಟ್ಟಿಯ ಹಿರಿಯರ ಒಪ್ಪಿಗೆ ಪಡೆದು ಅವರ ಮಕ್ಕಳೇ ಆಡಿದರೆ ಅದಕ್ಕಿಂತ ಒಳ್ಳೆಯ ಸಂಗೀತ ನಾಟಕ ಯಾವುದಿದೆ?

ಇದು ಆಗದ ಮಾತೆನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಅಲ್ಲಿನ ಬಹು ದೊಡ್ಡ ಸಂಗೀತಗಾರರು. 1958ರ ಜೂನ್‌ನಲ್ಲಿ ಅವರು ಆರ್ಫರ್ಡ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ನೋವನ ಜಲಪ್ರಳಯದ ಕಥೆಯನ್ನು ಸಂಗೀತ ನಾಟಕವಾಗಿ ಆಡಿಸಿದರು. ನೋವನಿಗೂ ಅವನ ಹೆಂಡತಿಗೂ ಮಾತ್ರ ನುರಿತ ಗಾಯಕರು. ನಾವೆಯನ್ನೇರುವ ಪ್ರಾಣಿಪಕ್ಷಿಗಳೆಲ್ಲ ಸುತ್ತಲಿನ ಶಾಲೆಗಳ ಮಕ್ಕಳು. ಮೊದಲ ಮಳೆಹನಿಯ ಸದ್ದಿಗೆ ಅವರು ಮಾಡಿದ ಏರ್ಪಾಡೆಂದರೆ, ಹಗ್ಗಕ್ಕೆ ಕಪ್ಪುಗಳನ್ನು ತೂಗುಹಾಕಿ ಮಕ್ಕಳ ಕೈಯಿಂದ ತಟ್ಟಿಸಿದ್ದು. ಬಂದ ಜನವೆಲ್ಲ ನಡುನಡುವೆ ಎದ್ದು ಜೊತೆಗೆ ಹಾಡಿದರು. ನಮ್ಮ ಮಧುಗಿರಿಯಲ್ಲೂ ಇದು ಸಾಧ್ಯ. ನುರಿತವರು ಒಬ್ಬಿಬ್ಬರು: ಮೇಷ್ಟ್ರು, ತಬಲದವರು. ಉಳಿದದ್ದು ಮಕ್ಕಳು, ಊರು, ಮತ್ತು ಟೀ ಅಂಗಡಿಯ ಲೋಟಗಳು.

ಖರ್ಚಿನ ಮಾತು ಬಂದೀತು. ವಾರ್ಷಿಕೋತ್ಸವದ ಧ್ವನಿವರ್ಧಕಕ್ಕೂ ಬಣ್ಣದ ದೀಪಗಳಿಗೂ ಬಾಡಿಗೆಯ ಉಡುಪುಗಳಿಗೂ ಪ್ರತಿ ಶಾಲೆಯೂ ಹೇಗೋ ಹಣ ಹೊಂದಿಸುತ್ತದೆ. ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು, ವಾರಕ್ಕೆ ಎರಡು ಸಂಜೆಯಂತೆ ಮೂರು ತಿಂಗಳು ಮೇಷ್ಟ್ರಿಗೆ ಸಂಭಾವನೆ ಕೊಡಬಹುದು. ಈ ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ವಾಚಕರು ಊರಿನ ಶಾಲೆಗೆ ಗಡಿಯಾರವನ್ನೋ ಬೀರುವನ್ನೋ ದಾನ ಮಾಡಿ ಹೆಸರು ಬರೆಸುವುದುಂಟು. ಈ ಬಾರಿ ಒಂದು ಹಾರ್ಮೋನಿಯಂ ಕೊಡಿಸಲಿ. ಹಳ್ಳಿಯ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ. ಅವರ ಪೆಟ್ಟಿಗೆಯ ಮುಂದೆ ಕೂರಲು ಅವರ ಸ್ವಂತ ಮಕ್ಕಳೇ ಬರುತ್ತಿಲ್ಲ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪ್ರತಿ ಹೋಬಳಿಯ ಒಂದು ಶಾಲೆಯಾದರೂ ತನ್ನ ಊರಿನ ಮೇಷ್ಟ್ರನ್ನು ಕರೆದು, 'ನಮ್ಮ ಏಳನೆಯ ತರಗತಿಗೆ ಒಂದು ನಾಟಕ ಕಲಿಸಿಕೊಡಿ' ಎಂದು ಕೇಳಲಿ. ಕರೆದರೆ ಅವರು ಬರುತ್ತಾರೆ. ಇದುವರೆಗೆ ಅವರನ್ನು ಯಾರೂ ಕೇಳಿಲ್ಲ, ಅಷ್ಟೆ.